ಗುರಿಕಾರರ ಮನೆಯ ನ್ಯಾಯ

ಮಳೆ ಬಿಟ್ಟಿತ್ತು. ಅಮ್ಮಣ್ಣಿ ಮೊರವನ್ನು ಮಡಿಲಲ್ಲಿಟ್ಟುಕೊಂಡು ಒಣಸಿಗಡಿಯ ತಲೆ, ಬಾಲ ಚಿವುಟುತ್ತಿದ್ದಳು. ಒಲೆಯ ಮೇಲೆ ಬೆಳಗಿನ ಗಂಜಿ ಕುದಿಯುತ್ತಿತ್ತು. ಯಾರೋ ಬಂದಂತಾಗಿ ತಲೆಯೆತ್ತಿದವಳ ಕೈ ಅಲ್ಲೇ ನಿಂತಿತು. ಅಂಗಳದಲ್ಲಿ ಅವಳ ತಮ್ಮ ಬೂಬ. ಬೇಸಿಗೆಯಿಂದೀಚೆಗೆ ಅವನು ಈ ಮನೆಯ ಮೆಟ್ಟಿಲು ಹತ್ತಿದ್ದಿಲ್ಲ.

ಹತ್ತುವುದಾದರೂ ಹೇಗೆ? ಕಲ್ಲುಕೋರೆಯವರು ಬಂಡೆ ಸಿಡಿಸುವ ತೋಟೆಯೊಂದನ್ನು ತಂದು ಅವನು ಬೋಳಾರದ ಹೊಳೆಗೆ ಎಸೆದಿದ್ದ. ದೊಡ್ಡ ಮೀನು ಸಿಕ್ಕಿದ್ದು ನಾಲ್ಕು. ಮರಿಗಳು ಹೊಳೆಯ ತುಂಬ ಹೊಟ್ಟೆ ಮೇಲಾಗಿ ತೇಲಿದವು. ಅಮ್ಮಣ್ಣಿಯ ಮಾವ ಗಿರಿಯಪ್ಪ ಅಲ್ಲಿಯ ಮೊಗವೀರರಿಗೆ ನ್ಯಾಯ ಹೇಳುವ ಗುರಿಕಾರರು. ಕೂಟ ಸೇರಿಸಿ ದಂಡ ಹಾಕಿದರು: ಒಂದು ವರ್ಷ ಬೂಬನನ್ನು ಯಾರೂ ದೋಣಿಗೆ ಹತ್ತಿಸಬಾರದು. ಸೊಸೆಯ ತಮ್ಮನೆಂದು ಒಂದು ದಿನವನ್ನೂ ಇಳಿಸಲಿಲ್ಲ. "ಮರಿ ಕೊಂದವನಿಗೆ ನೀರಿನಲ್ಲಿ ಪಾಲಿಲ್ಲ" ಎಂದಿದ್ದರು. ಅಜ್ಜನ ಬೆರಳು ಹಿಡಿದು ನಿಂತಿದ್ದ ಅಮ್ಮಣ್ಣಿಯ ಒಂಬತ್ತು ವರ್ಷದ ಮಗಳು ಕಿನ್ನಿ ಆ ಮಾತನ್ನು ಎಷ್ಟೋ ದಿನ ತನ್ನ ಚಿಂದಿಗೊಂಬೆಗೆ ಹೇಳಿಕೊಡುತ್ತಿದ್ದಳು.

"ಅಕ್ಕ, ಜಪಾನಿನವರು ಸೋತರಂತೆ," ಎನ್ನುತ್ತ ಬೂಬ ಅಂಗಿಯೊಳಗಿಂದ ಪೇಪರು ತೆಗೆದ. "ಇನ್ನು ಭಾವನನ್ನು ಬಿಡ್ತಾರೆ."

ಅಮ್ಮಣ್ಣಿಯ ಗಂಡ ಐತಪ್ಪ ಬ್ರಿಟಿಷರ ಪಟ್ಟಾಳಕ್ಕೆ ಸೇರಿ, ಸಿಂಗಾಪುರದಲ್ಲಿ ಜಪಾನಿನವರ ಸೆರೆಗೆ ಸಿಕ್ಕಿ ಮೂರೂವರೆ ವರ್ಷ ಕಳೆದಿತ್ತು. ಅವಳು ಮೊರದ ಅಂಚನ್ನು ಬಿಗಿಯಾಗಿ ಹಿಡಿದಳು. ಜಗಲಿಯಲ್ಲಿ ಗಿರಿಯಪ್ಪ ಮಗನ ದೋಣಿಯ ಹುಟ್ಟಿಗೆ ಮೀನೆಣ್ಣೆ ಉಜ್ಜುತ್ತಿದ್ದರು. ಪ್ರತಿ ಮಳೆಗಾಲವೂ ಉಜ್ಜುತ್ತಿದ್ದರು, ಮಗ ನಾಳೆಯೇ ಬರುವವನೆಂಬ ಹಾಗೆ.

"ಓದಿಸು," ಎಂದರು, ಬೂಬನ ಮುಖ ನೋಡದೆ.

ಮನೆಯಲ್ಲಿ ಓದು ಬಲ್ಲವಳು ಕಿನ್ನಿ ಒಬ್ಬಳೇ. ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಒಂದೇ ಬಾಂಬು, ಜಪಾನಿನ ಒಂದು ಪಟ್ಟಣ. ಮೂರು ದಿನ ಬಿಟ್ಟು ಇನ್ನೊಂದು. ಮನೆಗಳಿದ್ದಲ್ಲಿ ಬೂದಿ. "ಹೆಂಗಸರು, ಮಕ್ಕಳು" ಎಂಬಲ್ಲಿ ಬೆರಳು ನಿಂತಿತು.

"ಒಳ್ಳೇದಾಯ್ತು," ಎಂದರು ಗಿರಿಯಪ್ಪ. "ಹಾಕಬೇಕಾದ್ದೇ. ಇಲ್ಲದಿದ್ರೆ ಯುದ್ಧ ಇನ್ನೂ ಎರಡು ವರ್ಷ ಎಳೀತಿತ್ತು. ನನ್ನ ಮಗ ಅಷ್ಟು ದಿನ ಎಲ್ಲಿ ಉಳಿಯುವುದು?"

"ಅದು ಊರಿಗೇ ಹಾಕಿದ್ದಲ್ವಾ ಗುರಿಕಾರರೇ? ಬರೀ ಸಿಪಾಯಿಗಳಿಗಲ್ಲ," ಎಂದ ಬೂಬ.

"ಜಪಾನಿನವರು ಮಾಡಿದ್ದು ಕಡಿಮೆಯಾ?"

"ಕಡಿಮೆ ಅಂತ ನಾನು ಹೇಳ್ಲಿಲ್ಲ. ಭಾವ ಬರ್ಬೇಕು ಅಂತ ನನಗೂ ಉಂಟು. ಆದ್ರೆ ತೋಟೆ ಹಾಕಿ ನೋಡಿದವ ನಾನು. ಅದಕ್ಕೆ ದೊಡ್ಡದು, ಸಣ್ಣದು ಅಂತ ಉಂಟಾ?"

ಗಿರಿಯಪ್ಪ ನಕ್ಕರು, ಕಣ್ಣು ನಗಲಿಲ್ಲ. "ತೋಟೆ ಹಾಕಿದವನೇ ನನಗೆ ನ್ಯಾಯ ಹೇಳ್ಲಿಕ್ಕೆ ಬಂದ. ಎಂತ ಕಾಲ ಮಾರಾಯ."

ಬೂಬ ತಲೆ ತಗ್ಗಿಸಿದ. ಮುದುಕರ ಕೈ ಹುಟ್ಟಿನ ಮೇಲೆ ಒಂದೇ ಕಡೆ ಉಜ್ಜುತ್ತಿತ್ತು.

ಗಂಡ ಬರುತ್ತಾನೆಂದು ಆಗ ಅಮ್ಮಣ್ಣಿಯ ಎದೆಯಲ್ಲಿ ಎದ್ದ ಹಿಗ್ಗು ಇನ್ನೂ ಇಳಿದಿರಲಿಲ್ಲ. ಅದನ್ನು ಬಿಡಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಧೈರ್ಯವಿಲ್ಲ. ಆಗಲೇ ಮಗಳ ಕಡೆ ಕಣ್ಣು ಹೋಯಿತು. ಕಿನ್ನಿಯ ತುಟಿ ಸದ್ದಿಲ್ಲದೆ ಆಡುತ್ತಿತ್ತು. ಪ್ರಶ್ನೆಯೊಂದು ಒಳಗೆ ಬಲಿಯುವಾಗ ಅವಳು ಹಾಗೆಯೇ. ಈ ಮುದುಕರು ನಿಂತಿರುವುದೇ ಮಗ ಬರುತ್ತಾನೆಂಬ ಒಂದು ಆಸೆಯ ಮೇಲೆ. ಇವಳು ಕೇಳಿದರೆ ಕುಸಿದೇ ಹೋದಾರು.

"ಕಿನ್ನಿ, ಒಳಗೆ ಹೋಗಿ ಗಂಜಿ ನೋಡು ಮಗಾ. ಉಕ್ಕುತ್ತದೆ."

ಕಿನ್ನಿ ಏಳಲಿಲ್ಲ.

"ಉಪ್ಪಿನಕಾಯಿ ತೆಗೆದಿಡು, ಬೂಬ ಮಾವನಿಗೂ ಬಡಿಸುವ."

ಹುಡುಗಿ ಎದ್ದಳು. ಅಮ್ಮಣ್ಣಿ ಉಸಿರು ಬಿಟ್ಟಳು. ಆದರೆ ಕಿನ್ನಿ ಒಳಗೆ ಹೋಗದೆ, ಪೇಪರನ್ನು ಮಡಚಿ ಅಜ್ಜನ ಮೊಣಕಾಲ ಬಳಿ ಇಟ್ಟು, ಕೂಟದ ದಿನ ಹಿಡಿದಿದ್ದ ಅದೇ ಬೆರಳನ್ನು ಹಿಡಿದುಕೊಂಡಳು. ಅದಕ್ಕೆ ಎಣ್ಣೆ ಅಂಟಿತ್ತು.

"ಅಜ್ಜ, ಬಾಂಬು ಹಾಕಿದವರಿಗೆ ದಂಡ ಯಾರು ಹಾಕುವುದು?"