ಗಟ್ಟಿ ಸಾಹೇಬರ ಬೂಟಿನ ತನಿಖೆ

ಇದು ಕಟ್ಟುಕಥೆಯಲ್ಲ. ಇದರಲ್ಲಿ ಕಟ್ಟಿದ್ದು ಏನಾದರೂ ಇದ್ದರೆ ಅದು ಒಂದು ಜೊತೆ ಬೂಟಿನ ಲೇಸು ಮಾತ್ರ. ಅದನ್ನೂ ಕೊನೆಗೆ ಬಿಚ್ಚಿಯೇ ತೋರಿಸಲಾಗುವುದು.

ಬೂಟಿನ ಯಜಮಾನರು ಬಾಟಲಿ ಕಾರ್ಖಾನೆಯ ಕ್ಷೇಮಾಧಿಕಾರಿ. ಕೆಲಸದ ಜಾಗದಲ್ಲಿ ಯಾರಾದರೂ ಸತ್ತರೆ ಮನೆಯವರಿಗೆ ಸುದ್ದಿ ಮುಟ್ಟಿಸುವುದು, ಆಮೇಲೂ ಹೋಗಿ ಬಂದು ವಿಚಾರಿಸಿಕೊಳ್ಳುವುದು ಅವರ ಪಾಲಿಗೆ ಬಂದ ಕೆಲಸ. ಕಾರ್ಖಾನೆಯ ಫಿಟ್ಟರ್ ಬೆಲ್ಟಿಗೆ ಸಿಕ್ಕಿ ತೀರಿಕೊಂಡ ದಿನ ಬಾಗಿಲಲ್ಲಿ ನಿಂತು, "ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಮ್ಮಾ" ಎಂದವರು ಅವರೇ. ಅವತ್ತು ನೆಂಟರು ಬರುವ ತನಕ ಅವರು ಕದಲಲಿಲ್ಲ. ಒಲೆಯ ಮೇಲೆ ಸೀಯುತ್ತಿದ್ದದ್ದನ್ನು ತಾವೇ ಇಳಿಸಿಟ್ಟರು. ಹಾಗಾಗಿ ಫಿಟ್ಟರನ ಹೆಂಡತಿಗಾಗಲಿ ಮಗಳಿಗಾಗಲಿ ಅವರ ಮೇಲೆ ಸಿಟ್ಟಿಲ್ಲ. ಸಿಟ್ಟೆಲ್ಲ ಅವರ ಮಾತಿನ ಮೇಲೆ. ಮಗಳಂತೂ ಅವರಿಗೆ ಗಟ್ಟಿ ಸಾಹೇಬರು ಎಂದೇ ಹೆಸರಿಟ್ಟಿದ್ದಳು.

ವಾರವಾರವೂ ಬರುತ್ತಾರೆ. ಬೂಟನ್ನು ಬಾಗಿಲಾಚೆ ಬಿಡುತ್ತಾರೆ, ಕರಿ ಬ್ಯಾಗನ್ನು ಕುರ್ಚಿಯ ಕಾಲಿಗೆ ಒರಗಿಸುತ್ತಾರೆ, ಗಂಟಲು ಸರಿಮಾಡಿಕೊಳ್ಳುತ್ತಾರೆ.

"ಏನಾಯ್ತು ಅಂತ ಗೊತ್ತಾಯ್ತಾ ಸಾರ್?" ಎಂದು ಅಮ್ಮ ಕೇಳುತ್ತಾಳೆ.

"ತನಿಖೆ ಪ್ರಗತಿಯಲ್ಲಿದೆ ಅಮ್ಮಾ. ಸಂಬಂಧಪಟ್ಟವರ ಜೊತೆ ಮಾತುಕತೆ ನಡೀತಿದೆ. ಇಂಥ ಹೊತ್ತಲ್ಲಿ ನಾವೆಲ್ಲ ನಿಮ್ಮ ಜೊತೆಗಿದ್ದೀವಿ."

ಬ್ಯಾಗು ಬಾಯಿ ಮುಚ್ಚಿಕೊಂಡು ಬಂದ ಹಾಗೇ ಹೋಗುತ್ತದೆ.

ಅಮ್ಮನಿಗೆ ಬೇಕಾದದ್ದು ಒಂದೇ ಮಾತು. ಅಪ್ಪ ಮಹಾ ಕಿತಾಪತಿ ಮನುಷ್ಯ. ಮನೆಗೆ ಬಂದವರ ಚಪ್ಪಲಿ ಅಡಗಿಸದಿದ್ದರೆ ಅವನಿಗೆ ಉಂಡದ್ದು ಕರಗುತ್ತಿರಲಿಲ್ಲ. ಅವನ ಷಡ್ಡಕ ಒಮ್ಮೆ ಬರಿಗಾಲಲ್ಲೇ ಬಸ್ಸು ಹತ್ತಿದ್ದುಂಟು. ಆದ್ದರಿಂದಲೇ ಬೀದಿಯಲ್ಲಿ ಪಿಸುಗುಟ್ಟುತ್ತಿದ್ದರು: "ಮಿಷನ್ ಹತ್ರಾನೂ ಏನೋ ಕೋತಿಚೇಷ್ಟೆ ಮಾಡಿರ್ತಾನೆ ಬಿಡು." ಅದನ್ನು ಕೇಳಲಾರದೆ ಅಮ್ಮ ಅಂಗಡಿಗೆ ಸುತ್ತುದಾರಿ ಹಿಡಿದು ಹೋಗುತ್ತಿದ್ದಳು. ಅವನ ಜೀವ ತೆಗೆದದ್ದು ಅವನದೇ ತಮಾಷೆಯೇ, ಅಲ್ಲವೇ? ಇಷ್ಟು ಹೇಳುವವರು ಯಾರೂ ಇರಲಿಲ್ಲ.

"ಈ ಸಲ ತನಿಖೆ ನಾನು ಮಾಡ್ತೀನಿ," ಎಂದಳು ಮಗಳು. ಕಾಲೇಜಿನ ಮೈಕಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದು ರಜೆ ಘೋಷಿಸಿ, ಲೆಕ್ಚರರುಗಳನ್ನೂ ಸೇರಿಸಿ ಗೇಟು ದಾಟಿಸಿದ್ದ ಹುಡುಗಿ.

"ಅಪ್ಪನ ಮಗಳು!" ಎಂದು ಅಮ್ಮ ಗದರಿದಳು. ಬೇಡ ಎನ್ನಲಿಲ್ಲ.

ಆ ವಾರ ಸಾಹೇಬರು ಬಂದರು, ಕೈ ತೊಳೆಯಲು ಬಚ್ಚಲಿಗೆ ಹೋದರು, ವಾಪಸು ಬಂದರು. ಅಷ್ಟರೊಳಗೆ ಆಗಬೇಕಾದ್ದು ಆಗಿತ್ತು. ತನಿಖೆ ಪ್ರಗತಿಯಲ್ಲಿದೆ ಎಂದು ಒಪ್ಪಿಸಿ ಅವರು ಎದ್ದಾಗ, "ಬ್ಯಾಗು ನಾನು ತರ್ತೀನಿ ಸಾರ್" ಎಂದು ಮಗಳು ಮುಂದೆ ಬಿದ್ದು ಎತ್ತಿಕೊಂಡಳು.

ಬಾಗಿಲಲ್ಲಿ ಸಾಹೇಬರು ನಿಂತರು. "ಏನಮ್ಮ, ಇಲ್ಲಿ ನನ್ನ ಬೂಟಿತ್ತಲ್ಲ?"

ಮಗಳು ಅವರ ಹಾಗೆಯೇ ಗಂಟಲು ಕೆರೆದು, ಅವರ ಹಾಗೆಯೇ ಕತ್ತು ವಾಲಿಸಿದಳು. "ಮನಸ್ಸು ಗಟ್ಟಿ ಮಾಡ್ಕೊಳ್ಳಿ ಸಾರ್."

"ಯಾಕೆ?"

"ತಮ್ಮ ಬೂಟಿನ ವಿಷಯದಲ್ಲಿ ತನಿಖೆ ಪ್ರಗತಿಯಲ್ಲಿದೆ."

"ಎಲ್ಲಿಟ್ಟೆ ತಾಯಿ, ಹೇಳು."

"ಸಂಬಂಧಪಟ್ಟವರ ಜೊತೆ ಮಾತುಕತೆ ನಡೀತಿದೆ."

ಸಂಬಂಧಪಟ್ಟ ಅಮ್ಮ ಬಾಯಿಗೆ ಅಂಗೈ ಅಡ್ಡ ಹಿಡಿದು, "ಮೇಲಿನವರ ಒಪ್ಪಿಗೆ ಬರ್ಬೇಕು ಸಾರ್" ಎಂದಳು.

"ಎಡಗಾಲಿಂದಾದ್ರೂ ಕೊಡ್ರಮ್ಮ!"

"ಎಡಗಾಲಿನ ಬಗ್ಗೆ ಈಗ್ಲೇ ಏನೂ ಹೇಳೋಕಾಗಲ್ಲ. ಆದ್ರೆ ಇಂಥ ಹೊತ್ತಲ್ಲಿ ನಾವೆಲ್ಲ ನಿಮ್ಮ ಜೊತೆಗಿದ್ದೀವಿ."

ಸಾಹೇಬರ ಮುಖ ಕೆಂಪಗಾಯಿತು. "ನನ್ನ ಬೂಟು ಎಲ್ಲಿದೆ ಅಂತ ನನಗೆ ಹೇಳೋಕೆ ನಿಮಗೇನ್ರೀ ಕಷ್ಟ? ಎಲ್ಲಾ ಗೊತ್ತಿದ್ದೂ ಹೀಗೆ ಸತಾಯಿಸ್ತೀರಲ್ಲ, ನಿಮಗೆ ಸ್ವಲ್ಪನಾದ್ರೂ..."

ಅಲ್ಲಿಗೆ ಮಾತು ನಿಂತಿತು. ಬಾಯಿ ಮಾತ್ರ ತೆರೆದೇ ಇತ್ತು. ಅಮ್ಮ ನಗುತ್ತಿರಲಿಲ್ಲ, ಅವರನ್ನೇ ನೋಡುತ್ತಿದ್ದಳು.

ಸಾಹೇಬರು ಒಳಗೆ ಬಂದು ಮತ್ತೆ ಕುರ್ಚಿಯಲ್ಲಿ ಕುಕ್ಕರಿಸಿದರು. "ಬ್ಯಾಗು ಕೊಡಮ್ಮ ಇಲ್ಲಿ."

ಮಗಳು ಹಿಂದೆಮುಂದೆ ನೋಡುತ್ತ ಬ್ಯಾಗು ಕೊಟ್ಟಳು. ಬ್ಯಾಗು ಹಿಡಿದ ಅವರ ಕೈ ಕೊಂಚ ಜಗ್ಗಿತು. ಆದರೂ ಅವರು ತೆಗೆದದ್ದು ಪಕ್ಕದ ಸಣ್ಣ ಜೇಬನ್ನು. ಅದರಿಂದ ಕೊಂಡಿ ತುಂಡಾದ ಒಂದು ಕೆಂಪು ಬೀಗ ಹೊರಬಂತು.

"ಮಿಷನ್ನಿಗೆ ಕೈ ಹಾಕೋ ಮುಂಚೆ ಫಿಟ್ಟರು ಮೇನ್ ಸ್ವಿಚ್ಚಿಗೆ ತನ್ನದೇ ಬೀಗ ಜಡೀಬೇಕು. ಕೀ ಅವನ ಜೇಬಲ್ಲೇ ಇರ್ಬೇಕು. ಅವನೇ ಬಂದು ತೆಗೆಯೋ ತನಕ ಯಾರೂ ಓಡಿಸೋ ಹಾಗಿಲ್ಲ. ಇದು ನಿಮ್ಮ ಯಜಮಾನ್ರದ್ದು. ಸ್ವಿಚ್ ಹತ್ರ ಹೀಗೇ, ಹಾಕಿದ ಹಾಗೇ ಸಿಕ್ತು."

ಅಮ್ಮ ಎದ್ದು ಹೋಗಿ ಮೊಳೆಗೆ ತೂಗುಹಾಕಿದ್ದ ಒಂದು ಪುಟ್ಟ ಬೀಗದಕೈ ತಂದಳು. ಅಪ್ಪನ ಅಂಗಿಯ ಜೇಬಿನಲ್ಲಿ ಮನೆಗೆ ಬಂದಿದ್ದದ್ದು. ಮನೆಯ ಪೆಟ್ಟಿಗೆ, ಬೀರು, ಸೈಕಲ್ಲು ಎಲ್ಲಕ್ಕೂ ಹಾಕಿ ನೋಡಿ ಸೋತಿದ್ದಳು. ಕೆಂಪು ಬೀಗಕ್ಕೆ ಹಾಕಿ ತಿರುಗಿಸಿದಳು. ಟಕ್!

"ಹಾಗಾದ್ರೆ ಬೀಗ ಹಾಕಿದ್ರು," ಎಂದಳು.

"ಹಾಕಿದ್ರು ಅಮ್ಮಾ. ಆರ್ಡರ್ ತಡ ಆಗುತ್ತೆ ಅಂತ ಮೇಲ್ವಿಚಾರಕ ಕೊಂಡೀನೇ ಕತ್ತರಿಸಿ ಬೆಲ್ಟ್ ಓಡಿಸ್ದ. ಅವರು ಅವತ್ತು ಯಾವ ಚೇಷ್ಟೆನೂ ಮಾಡಿಲ್ಲ. ಅವರದು ಕೂದಲೆಳೆಯಷ್ಟೂ ತಪ್ಪಿಲ್ಲ. ಬಾಯಿ ಬಿಡ್ಬೇಡ ಅಂತ ಮೇಲಿನವರು ಅಂದಿದ್ರು ನನಗೆ. ಬಿಟ್ಟೆ. ಬೇಕಾದ್ರೆ ನಿಮ್ಮ ಬೀದೀಲಿ ನಿಂತು ಹೇಳ್ತೀನಿ."

"ಬೀದಿಗೆ ನಾನು ಹೇಳ್ಕೋತೀನಿ ಬಿಡಿ," ಎಂದವಳೇ ಅಮ್ಮ ಬೀಗವನ್ನು ಎದೆಗವಚಿಕೊಂಡು ಅತ್ತುಬಿಟ್ಟಳು. ಸಾಹೇಬರು ಈ ಸಲ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎನ್ನಲಿಲ್ಲ. ಅಳು ಮುಗಿಯುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ.

ಕೊನೆಗೆ ಅಮ್ಮ ಮೂಗೊರೆಸಿಕೊಂಡು, "ಕೊಟ್ಬಿಡೇ ಇವರ ಬೂಟು, ಪಾಪ" ಎಂದಳು.

ಮಗಳು ಗಂಟಲು ಕೆರೆದಳು. "ತನಿಖೆ ಮುಗಿದಿದೆ ಸಾರ್. ಬ್ಯಾಗಿನ ದೊಡ್ಡ ಖಾನೆ ತೆಗೀರಿ."

ಸಾಹೇಬರು ಜಿಪ್ಪು ಎಳೆದರು. ಫೈಲುಗಳ ಮೇಲೆ ಎರಡೂ ಬೂಟು ಲೇಸಿಗೆ ಲೇಸು ಗಂಟು ಹಾಕಿಕೊಂಡು ಅಣ್ಣತಮ್ಮಂದಿರಂತೆ ಮಲಗಿದ್ದವು.

"ಇಷ್ಟೊತ್ತೂ ನನ್ನ ಬ್ಯಾಗಲ್ಲೇ..."

"ವಾಸನೆ ಬರ್ಲಿಲ್ವಾ ಸಾರ್?"

"ಬಂತು. ಫೈಲಿಂದು ಅಂದ್ಕೊಂಡೆ."

ಗಂಟು ಮಾತ್ರ ಅವರ ಕೈಗೆ ಬಗ್ಗಲಿಲ್ಲ. ಅದು ಅಪ್ಪ ಕಲಿಸಿದ ಗಂಟು. ಅಮ್ಮ ಬಗ್ಗಿ, ಎಷ್ಟೋ ಅತಿಥಿಗಳಿಗೆ ಬಿಚ್ಚಿಕೊಟ್ಟ ರೂಢಿಯಲ್ಲಿ, ಒಂದೇ ಎಳೆತಕ್ಕೆ ಬಿಚ್ಚಿದಳು. ಬಿಚ್ಚುತ್ತಲೇ ಅವಳಿಗೆ ನಗು ಉಕ್ಕಿತು, ಮಗಳಿಗೂ ಹತ್ತಿತು. ಎದುರು ಮನೆಯ ಕಿಟಕಿಗಳೆಲ್ಲ ತೆರೆದುಕೊಂಡವು. ಆದರೆ ಬೀದಿಯ ಆ ತುದಿಗೂ ಕೇಳುವಂತೆ, ಒಂದು ಬೂಟು ಕಾಲಲ್ಲಿ, ಇನ್ನೊಂದು ಕೈಯಲ್ಲಿ ಹಿಡಿದು, ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಗಟ್ಟಿ ಸಾಹೇಬರೇ.