ಕಮೆಯಾದ ಕೆಂಡ

ಬೆಳಕು ಹರಿಯುವ ಹೊತ್ತಿಗೆ ಓರಿಯೆ ನೆಲದೊಲೆಯ ಬೂದಿ ಕೆದಕಿದಳು. ಕೆಂಡವಿರಲಿಲ್ಲ. ಬೆರಳು ತೂರಿಸಿ ನೋಡಿದಳು, ಬೂದಿ ತಣ್ಣಗಿತ್ತು.

ಕಿಸೊ ಕಣಿವೆಯ ಹಳೆಯ ಹೆದ್ದಾರಿಯ ಮೇಲಿರುವ ಹಿನೊಸಾಕಾದಲ್ಲಿ ತಂಗುಮನೆಗಳಿಗೇನೂ ಬರವಿಲ್ಲ. ಆದರೆ ಪ್ರಭುಗಳು ಪಲ್ಲಕ್ಕಿಯಲ್ಲಿ ಎದೊ ನಗರಕ್ಕೆ ಹೋಗುತ್ತಿದ್ದ ಕಾಲದಿಂದ ಒಲೆ ಆರಿಲ್ಲ ಎಂದು ಹೇಳಿಕೊಳ್ಳುವ ಮನೆ ಕಮೆಯಾ ಒಂದೇ. ಹೇಳಿಕೊಳ್ಳುವವಳು ಓರಿಯೆಯ ಅತ್ತೆ ಹತ್ಸುನೊ. ಬಂದ ಅತಿಥಿ ಚಪ್ಪಲಿ ಬಿಡುವ ಮೊದಲೇ ಆ ಮಾತು ಕಿವಿಗೆ ಬಿದ್ದಿರುತ್ತಿತ್ತು. ಮಲಗುವ ಮುನ್ನ, ಬೆಳಗಿನವರೆಗೆ ಉಳಿಯಲೆಂದು ಕೆಂಡವನ್ನು ಬೂದಿಯಲ್ಲಿ ಮುಚ್ಚುವ ಕೆಲಸವನ್ನು ಹತ್ಸುನೊ ಈ ತಿಂಗಳು ಸೊಸೆಗೆ ಬಿಟ್ಟಿದ್ದಳು. ಬೆಂಕಿ ಇವಳ ಕೈಯಲ್ಲಿ ನಿಂತರೆ ಮನೆಯ ಯಜಮಾನಿಕೆಯೂ ಇವಳ ಕೈಗೇ ಎಂದು ಬೀದಿಯವರೆದುರು ಹೇಳಿಯೂ ಇದ್ದಳು. ಓರಿಯೆಗೆ ಅದು ಬೇಕಿತ್ತು, ಬಾಯಿಬಿಟ್ಟು ಹೇಳಲಾರದಷ್ಟು ಬೇಕಿತ್ತು. ನಗೋಯಾ ನಗರದ ಹುಡುಗಿ, ನಾಲ್ಕು ದಿನ ಇದ್ದು ಓಡಿಹೋಗುತ್ತಾಳೆ ಎಂದವರ ಬಾಯಿ ಮುಚ್ಚಿಸಬೇಕಿತ್ತು.

ಎಲ್ಲ ಕೆಡಿಸಿದ್ದು ಅಂದದ ಹುಚ್ಚು. ಅತಿಥಿಗಳು ಫೋಟೊ ತೆಗೆಯಲಿ ಎಂದು ಬೂದಿಯನ್ನು ಜರಡಿ ಹಿಡಿದು, ಹಿತ್ತಾಳೆಯ ಪುಟ್ಟ ಕುಂಟೆಯಿಂದ ಅಲೆ ಅಲೆಯಾಗಿ ಗೀರಿದ್ದಳು. ಆ ಗೀರು ಹಾಳಾಗಬಾರದೆಂದು ಕೆಂಡದ ಮೇಲೆ ಬೂದಿ ಒಟ್ಟುವಾಗ ಕೈ ಬಿಗಿಹಿಡಿದಿದ್ದಳು. ತೆಳುಬೂದಿಯಡಿ ಕೆಂಡ ತನ್ನಷ್ಟಕ್ಕೆ ಉರಿದು ಮುಗಿದಿತ್ತು.

ಬೆಂಕಿಪೊಟ್ಟಣ ಕೈಗೆತ್ತಿಕೊಂಡಳು. ಒಂದು ಕಡ್ಡಿ ಗೀರಿದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಆದರೆ ಒಲೆ ಆರಿಲ್ಲವೆಂಬ ಅತ್ತೆಯ ಮಾತನ್ನು ನಾಳೆ ತಾನೂ ಅತಿಥಿಗಳಿಗೆ ಹೇಳಬೇಕಲ್ಲ, ಯಾವ ಮುಖ ಇಟ್ಟುಕೊಂಡು ಹೇಳುವುದು? ಊರಿನ ಇನ್ನೊಂದು ಹಳೆಯ ಒಲೆಯಿಂದ ತಂದರೆ ಅರ್ಧವಾದರೂ ನಿಜವಾದೀತು ಎನ್ನಿಸಿತು. ಮುಚ್ಚಳದ ಮಡಕೆ ಹಿಡಿದು ಬೀದಿಗಿಳಿದಳು.

ಮದುವೆಯಾಗಿ ಬಂದಾಗಿನಿಂದ ಅವಳು ಕಂಡ ಹಿನೊಸಾಕಾ ಎಂದರೆ ಅಡುಗೆಮನೆ, ಹಾಸಿಗೆ ಮಡಚುವ ಕೋಣೆ, ತರಕಾರಿ ಅಂಗಡಿ. ಇವತ್ತು ಹೊಗೆ ಹುಡುಕಲು ಕತ್ತೆತ್ತಿ ನಡೆಯಬೇಕಾಯಿತು, ಆಗಲೇ ಊರು ಕಂಡದ್ದು. ಮೇಲಂತಸ್ತುಗಳು ಕೆಳಗಿನದಕ್ಕಿಂತ ಮುಂದೆ ಚಾಚಿ, ಬೀದಿಯಲ್ಲಿ ಯಾರು ಹೋದರೆಂದು ಬಗ್ಗಿ ನೋಡುವ ಅಜ್ಜಿಯರಂತಿದ್ದವು. ಮರದ ಹಲಗೆಯ ಮಾಡು ಗಾಳಿಗೆ ಹಾರದಂತೆ ಮೇಲೆ ಕಲ್ಲು ಹೇರಿದ್ದರು. ಜಾಲರಿ ಕಿಟಕಿಗಳ ಒಂದು ಪಟ್ಟಿಯೂ ಸೊಟ್ಟಗಿರಲಿಲ್ಲ. ಕರೆಂಟಿನ ತಂತಿಯನ್ನೂ ಮನೆಗಳ ಹಿಂದಿನಿಂದ ಎಳೆದಿದ್ದರು. ಇಲ್ಲಿ ಯಾರೂ ಹೊರಗಿನವರಿಗೆ ಮನೆ ಮಾರುವುದಿಲ್ಲ, ಮುಂಬಾಗಿಲಿಗೆ ಒಂದು ಮೊಳೆ ಹೊಡೆಯುವುದಕ್ಕೂ ಬೀದಿಯವರನ್ನೆಲ್ಲ ಕೇಳುತ್ತಾರೆ. ಇದೆಂಥ ಕಾಟ ಎಂದು ಅವಳು ಗಂಡನ ಹತ್ತಿರ ಎಷ್ಟೋ ಸಲ ಗೊಣಗಿದ್ದಳು. ಈಗ ನಾಚಿಕೆಯಾಯಿತು. ಹಟ ಹಿಡಿದು ಕಾಯುವವರಿಲ್ಲದಿದ್ದರೆ ಇಷ್ಟು ಚೆಲುವು ಉಳಿಯುತ್ತಿರಲಿಲ್ಲ.

ಚೆಲುವೇನೋ ಸರಿ, ಹೊಗೆ ಬೇಕಲ್ಲ. ಕೆಳಬೀದಿಯಲ್ಲಿ ಅಕ್ಕಿಯುಂಡೆ ಸುಟ್ಟು ಮಾರುವಾಕೆಯ ಅಂಗಡಿಯಲ್ಲಿ ಒಲೆಯೇನೋ ಇತ್ತು, ಕೊರಡಿನಡಿ ಮಿನುಗುತ್ತಿದ್ದುದು ಕೆಂಪು ಬಲ್ಬು. ಪ್ರಭುಗಳು ತಂಗುತ್ತಿದ್ದ ದೊಡ್ಡಮನೆ ಈಗ ವಸ್ತುಸಂಗ್ರಹಾಲಯ. ಅಂಗಳ ಗುಡಿಸುತ್ತಿದ್ದಾತ ಟಿಕೆಟ್ ಕೊಡುವ ಹೊತ್ತಿಗೆ ಲೈಟರಿನಿಂದ ಒಲೆ ಹೊತ್ತಿಸುತ್ತೇನೆಂದ. ಶತ್ರುಸೇನೆ ನೇರ ನುಗ್ಗದಿರಲೆಂದು ಹಿಂದಿನವರು ರಸ್ತೆಯನ್ನು ಮುರಿದು ತಿರುಗಿಸಿದ್ದ ಮೂಲೆಯನ್ನು ದಾಟಿದಳು. ಕೊನೆಯ ಮನೆಯ ಸೂರಿನಿಂದ ನೀಲಿ ಹೊಗೆ ಏಳುತ್ತಿತ್ತು.

ಅದು ಬಾಚಣಿಗೆ ಮಾಡುವ ಜಿಂಬೆ ಅಜ್ಜನ ಮನೆ. ಮರದ ತುಂಡುಗಳು ಹೊಗೆಯಲ್ಲಿ ಒಣಗಲೆಂದು ಅವನು ಒಲೆ ಆರಗೊಡುತ್ತಿರಲಿಲ್ಲ. ಅವಳ ಕೈಯಲ್ಲಿನ ಮಡಕೆ ನೋಡಿಯೇ ಅವನಿಗೆ ವಿಷಯ ತಿಳಿದುಹೋಯಿತು.

"ಅಜ್ಜಾ, ನಮ್ಮನೆ ಬೆಂಕಿ ಆರೋಯ್ತು. ನಾನೇ ಕೈಯಾರೆ ಕೆಡಿಸ್ದೆ."

"ಅದಕ್ಯಾಕಮ್ಮಾ ಇಷ್ಟು ಸಪ್ಪೆ ಮೋರೆ? ನಿಮ್ಮತ್ತೆ ಸೊಸೆಯಾಗಿ ಬಂದ ಹೊಸದ್ರಲ್ಲಿ ಅಲ್ಲೇ ನಿಂತಿದ್ಳು, ಗೊಳೋ ಅಂತ ಅಳ್ತಾ. ನಮ್ಮಪ್ಪ ಕೆಂಡ ಕೊಟ್ಟ. ನಮ್ದು ಆರಿದಾಗ ನಾನು ನಿಮ್ಮನೆಗೆ ಬಂದಿದೀನಿ. ಬೆಂಕಿ ಅಂದ್ಮೇಲೆ ಆರದೆ ಇರುತ್ತಾ? ಬೀದೀಲಿ ಒಂದು ಮನೇಲಿದ್ರೆ ಸಾಕು."

ಓರಿಯೆಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅತ್ತೆಯ ಮೇಲೆ ಕೋಪ ಬರಲಿಲ್ಲ. ತನ್ನಂತೆಯೇ ಮಡಕೆ ಹಿಡಿದು ಈ ಬೀದಿ ಹತ್ತಿದ ಹೆಂಗಸರನ್ನೆಲ್ಲ ನೆನೆದು ಊರಿನ ಮೇಲೆ ಪ್ರೀತಿ ಉಕ್ಕಿತು. ಅಜ್ಜ ಕೆಂಡ ತುಂಬಿಕೊಟ್ಟು, ತಾನು ಬಾಯಿಬಿಟ್ಟದ್ದು ಹತ್ಸುನೊಗೆ ಗೊತ್ತಾದರೆ ತನ್ನ ತಲೆ ಉಳಿಯುವುದಿಲ್ಲ ಎಂದ.

ಅವಳು ಮರಳಿದಾಗ ಹತ್ಸುನೊ ತಣ್ಣನೆಯ ಒಲೆಯ ಪಕ್ಕ ಕೂತಿದ್ದಳು. ಓರಿಯೆ ಮಂಡಿಯೂರಿ, ತಲೆ ನೆಲಕ್ಕೆ ತಾಗಿಸಿ, ಬೆಂಕಿ ಆರಿದ್ದನ್ನೂ ಜಿಂಬೆ ಅಜ್ಜನನ್ನು ಬೇಡಿ ಕೆಂಡ ತಂದದ್ದನ್ನೂ ಇದ್ದದ್ದು ಇದ್ದಂತೆ ಹೇಳಿದಳು. ಯಜಮಾನಿಕೆ ಕೈತಪ್ಪಿತೆಂದೇ ತಿಳಿದಳು.

ಹತ್ಸುನೊ ಮಡಕೆಯತ್ತ ನೋಡಿದಳು.

"ಆ ಮುದುಕ ಏನಂದ?"

"ಏನೂ ಅನ್ಲಿಲ್ಲ ಅತ್ತೆ. ಕೆಂಡ ಕೊಟ್ರು ಅಷ್ಟೇ."

"ಜಿಂಬೆ ಸುಮ್ನಿದ್ನಾ? ನಿದ್ದೇಲೂ ವಟಗುಟ್ಟೋ ಪ್ರಾಣಿ ಅದು."

ಓರಿಯೆ ಮಡಕೆಯನ್ನು ಎದೆಗೆ ಅವಚಿಕೊಂಡಳು. ಹತ್ಸುನೊ ಅವಳ ಮುಖವನ್ನೇ ದಿಟ್ಟಿಸಿದಳು; ಮುದುಕಿಯ ಕಿವಿ ಮೆಲ್ಲಗೆ ಕೆಂಪಾಯಿತು. ಆಮೇಲೆ ನೆಲಕ್ಕೆ ಕೈಯೂರಿ ಎದ್ದಳು. ಈ ಸೀಮೆಯಲ್ಲಿ ಒಲೆಯ ಸುತ್ತ ಯಾರ ಜಾಗ ಯಾವುದೆಂಬುದು ಕಟ್ಟುನಿಟ್ಟು. ಅಡುಗೆಮನೆ ಬದಿಯದು ಯಜಮಾನಿಯ ಜಾಗ, ಅಲ್ಲಿ ಬೇರೆಯವರು ಅಪ್ಪಿತಪ್ಪಿಯೂ ಕೂರುವುದಿಲ್ಲ. ಹತ್ಸುನೊ ಅಲ್ಲಿಂದ ಎದ್ದವಳು ಅತಿಥಿಗಳು ಕೂರುವ ಬದಿಗೆ ಹೋಗಿ ಕೂತಳು.

"ಆ ಮಡಕೆ ತಬ್ಕೊಂಡೇ ಇರ್ತೀಯಾ? ಹೋಗಿ ನಿನ್ ಜಾಗದಲ್ಲಿ ಕೂತ್ಕೊ. ನಂಗೊಂದು ಲೋಟ ಚಹಾ ಕೊಡು."