ತೀರಿಸಿದ ಫ್ರಿಜ್ಜು

ಬ್ಯಾಂಕಿನ ಸಾಲ ವಿಭಾಗದ ರೆಫಿಲ್ವೆ ಕಂಪ್ಯೂಟರಿನ ಪರದೆಯನ್ನು ಚೆನಾಯ್ ಕಡೆಗೆ ತಿರುಗಿಸಿದಳು. ಅಲ್ಲಿ ಚೆನಾಯ್‌ಳ ಗಂಡ ಮುನಾಷೆಯ ಹೆಸರಿತ್ತು. ಹೆಸರಿನ ಕೆಳಗೆ ಫ್ರಿಜ್ಜಿನ ಸಾಲದ ಎರಡು ಕಂತು ಕಟ್ಟಿದ ಗುರುತು, ಆಮೇಲೆ ಬರೀ ಖಾಲಿ.

"ಮೂರನೇ ತಿಂಗಳಿಗೇ ಪೂರ್ತಿ ತೀರಿಸಿ ಖಾತೆ ಮುಚ್ಚಿಸಿಬಿಟ್ಟಿದಾರಲ್ಲ ಅಕ್ಕಾ," ಎಂದಳು ರೆಫಿಲ್ವೆ. "ಇಷ್ಟರಲ್ಲಿ ನಿಮ್ಮ ಬಗ್ಗೆ ನಮಗೇನು ಗೊತ್ತಾಗತ್ತೆ?"

ಕಂತು ಕಟ್ಟುವುದು ಮುನಾಷೆಯ ಕೆಲಸವಾಗಿತ್ತು. ಕಟ್ಟುತ್ತಿದ್ದಾನೆಂದೇ ಚೆನಾಯ್ ನಂಬಿದ್ದಳು.

ಜಿಂಬಾಬ್ವೆಯಿಂದ ಈ ದೇಶಕ್ಕೆ ಬಂದಾಗಿನಿಂದ ಗಂಡ ಹೆಂಡತಿ ಇಬ್ಬರೂ ಟೆಂಬಿಸಾ ಪಟ್ಟಣದಲ್ಲಿ ಮಬಾಸೊ ಅಜ್ಜಿಯ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದರು. ಅವನು ಬಸ್ಸುಗಳಿಗೆ ವೆಲ್ಡಿಂಗ್ ಮಾಡುತ್ತಿದ್ದ, ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಬಾಡಿಗೆ, ದಿನಸಿ, ಮಗಳು ರುವಾಳ ಶಾಲೆಯ ಶುಲ್ಕ, ಎಲ್ಲವನ್ನೂ ನಗದಾಗಿ ಕೈಯಿಂದ ಕೈಗೆ ಕೊಟ್ಟು ಬದುಕಿದವರು. ಯಾರಿಗೂ ಏನೂ ಬಾಕಿ ಇಟ್ಟಿರಲಿಲ್ಲ. ಹಾಗಾಗಿ ಈ ದೇಶದ ಯಾವ ಬ್ಯಾಂಕಿಗೂ ಅವರ ಗುರುತಿರಲಿಲ್ಲ. ಅಜ್ಜಿ ಈಗ ತಾನಿದ್ದ ಮುಂದಿನ ಮನೆ ಮಾರಿ ತಂಗಿಯ ಊರಿಗೆ ಹೋಗುವವಳಿದ್ದಳು. ಮೊದಲು ನಿಮಗೇ ಕೊಡುತ್ತೇನೆ, ಈ ತಿಂಗಳ ಕೊನೆಯವರೆಗೆ ಕಾಯುತ್ತೇನೆ ಎಂದಿದ್ದಳು.

ಮನೆ ಸಾಲ ಬೇಕಾದರೆ ಹೊರದೇಶದವರು ಮೊದಲು ಒಂದು ಸಣ್ಣ ಸಾಲ ಮಾಡಿ, ತಪ್ಪದೆ ತಿಂಗಳು ತಿಂಗಳು ಕಟ್ಟಿ ತೋರಿಸಬೇಕು ಎಂದು ಹೋದ ಬೇಸಿಗೆಯಲ್ಲಿ ಹೇಳಿಕೊಟ್ಟವಳು ಇದೇ ರೆಫಿಲ್ವೆ. ಅದಕ್ಕೆಂದೇ ಕಂತಿನ ಮೇಲೆ ಫ್ರಿಜ್ಜು ತಂದಿದ್ದರು. ಈಗ ಮತ್ತೆ ಮೊದಲಿನಿಂದ ಶುರುಮಾಡಬೇಕು, ಒಂದು ವರ್ಷವಾದರೂ ಬೇಕು ಎಂದು ಅವಳು ಮೆಲ್ಲಗೆ ಹೇಳಿದಳು.

ಸಂಜೆ ಮುನಾಷೆ ಅಂಗಳದ ನಲ್ಲಿಯಲ್ಲಿ ಕೈ ತೊಳೆಯುವಾಗ ಚೆನಾಯ್ ಕಂತಿನ ವಿಷಯ ಕೇಳಿದಳು. ಅವನು ಮುಚ್ಚಿಡಲಿಲ್ಲ. ಅವಳ ತಾಯಿ ಬಂದಿದ್ದಾಗ ಫ್ರಿಜ್ಜಿನ ಮೇಲಿದ್ದ, ಕಂತು ತೀರುವವರೆಗೆ ಇದು ಅಂಗಡಿಯದು ಎಂಬ ಚೀಟಿ ನೋಡಿ, ಇದು ನಿಮ್ಮದೇನಪ್ಪಾ ಎಂದು ಕೇಳಿದ್ದಳಂತೆ. ಮರುದಿನವೇ ಕೂಡಿಟ್ಟ ಓವರ್‌ಟೈಮ್ ದುಡ್ಡನ್ನೆಲ್ಲ ಕೊಟ್ಟು ತೀರಿಸಿ, ಚೀಟಿ ಕಿತ್ತು ಹಾಕಿದ್ದ. ಬೇಗ ತೀರಿಸಿದರೆ ಬ್ಯಾಂಕಿನವರು ಮೆಚ್ಚುತ್ತಾರೆ, ಮನೆ ಸಿಕ್ಕ ದಿನ ಹೇಳೋಣ ಎಂದುಕೊಂಡಿದ್ದ.

"ಇನ್ಯಾರದೋ ಪೆಟ್ಟಿಗೆಯಿಂದ ತೆಗೆದು ಅತ್ತೆಗೆ ಮಾಂಸ ಬಡಿಸಲಾ?" ಎಂದ.

"ನನ್ನ ಮದುವೆಗೆ ನಮ್ಮಪ್ಪನಿಗೆ ಕೊಡಬೇಕಾದ ತೆರದ ಹಸು ಇನ್ನೂ ಒಂದು ಬಾಕಿ ಇದೆಯಲ್ಲ, ರುವಾ ಅಪ್ಪ. ಅದಕ್ಕೆ ನಾಚಿಕೆ ಆಗಲ್ವಾ ನಿಮಗೆ?"

"ಅದು ಬೇರೆ. ತೆರ ಪೂರ್ತಿ ತೀರಿಸಿದ್ರೆ ನಿಮ್ಮಪ್ಪ ಏನಂತಾರೆ? ಸಂಬಂಧ ಕಡ್ಕೊಂಡು ಹೋಗೋಕೆ ಬಂದಿದಾನೆ ಅಂತಾರೆ."

"ಬ್ಯಾಂಕಿನವರೂ ಅದೇ ಅಂದ್ರು."

ಮುನಾಷೆ ನಲ್ಲಿ ನಿಲ್ಲಿಸಿದ. ಒದ್ದೆ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಒಳಗೆ ನಡೆದ.

ತಿಂಗಳ ಕೊನೆಗೆ ಮಬಾಸೊ ಅಜ್ಜಿ ಮನೆಯನ್ನು ಟ್ಯಾಕ್ಸಿ ಮಾಲೀಕನೊಬ್ಬನಿಗೆ ಮಾರುವುದಾಗಿ ಮಾತುಕೊಟ್ಟಳು. ಹಿತ್ತಲ ಕೋಣೆಯವರನ್ನು ಎಬ್ಬಿಸಬಾರದೆಂದು ಅವನಿಂದ ಒಪ್ಪಿಗೆ ಪಡೆದೇ ಕೊಟ್ಟಳು. "ತಂಗಿಗೂ ವಯಸ್ಸಾಯ್ತು ಮಗಳೇ, ನಾನು ಕಾಯೋಕಾಗಲ್ಲ," ಎಂದು ಚೆನಾಯ್‌ಳ ಕೈ ಹಿಡಿದುಕೊಂಡಳು.

ಮುಂದಿನ ಶನಿವಾರ ಮುನಾಷೆ ಅದೇ ಅಂಗಡಿಯಿಂದ ಬಟ್ಟೆ ಬೀರು ತಂದ. ಅಂಗಡಿಯವರು ಒಪ್ಪಿದ ಅತಿ ದೀರ್ಘ ಅವಧಿಯ ಕಂತಿನಲ್ಲಿ ತಂದಿದ್ದ. ಕೋಣೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಕಿಟಕಿಗೆ ಅಡ್ಡವಾಗಿ ನಿಲ್ಲಿಸಬೇಕಾಯಿತು. ಉಳಿದ ಸಂದಿಯಿಂದ ಮುಂದಿನ ಮನೆಯ ಗೋಡೆಯನ್ನು ಹೊಸ ಮಾಲೀಕ ಟೇಪು ಹಿಡಿದು ಅಳೆಯುತ್ತಿರುವುದು ಕಾಣುತ್ತಿತ್ತು.

ಚೆನಾಯ್ ಬೀರುವನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಬಾಗಿಲ ಮೇಲೆ ಅಂಗಡಿಯ ಚೀಟಿ ಅಂಟಿತ್ತು. ಒದ್ದೆಯಾಗಿ ಅದರ ಒಂದು ಮೂಲೆ ಎದ್ದಿತು. ಅವಳು ಮುನಾಷೆಯ ಕಡೆ ನೋಡಿದಳು. ಅವನು ಬೂಟಿನ ದಾರ ಬಿಚ್ಚುತ್ತಿದ್ದ, ತಲೆಯೆತ್ತಲಿಲ್ಲ.

ಅವಳು ಹೆಬ್ಬೆರಳಿನಿಂದ ಆ ಮೂಲೆಯನ್ನು ಒತ್ತಿ, ಅಂಟು ಹಿಡಿಯುವವರೆಗೆ ಹಾಗೇ ನಿಂತಳು.